ತೊಟ್ಟಿಲಿಲ್ಲದ ಮನೆಯ ಬಾಣಂತಿಗೆ

ಮಗು ನಿನ್ನ ಮನೆಗೆ ಬರಲಿಲ್ಲ ಎಂದ ಮಾತ್ರಕ್ಕೆ ನೀನು ಬಾಣಂತಿ ಅಲ್ಲ ಎಂದಾಗುವುದಿಲ್ಲ, ಮಗಳೇ. ನಿನ್ನೆ ಫೋನಿನಲ್ಲಿ "ಚೆನ್ನಾಗಿದ್ದೀನಿ ಅತ್ತೆ, ಮಗು ಇಲ್ಲವಲ್ಲ, ಕೆಲಸ ಏನಿರುತ್ತೆ, ಬಟ್ಟೆ ಒಗೆದು ಹಾಕ್ತಿದ್ದೆ" ಅಂದೆಯಲ್ಲ, ಆಗಿನಿಂದ ನನಗೆ ತಳಮಳ. ಸಿಸೇರಿಯನ್ ಆಗಿ ಹನ್ನೆರಡು ದಿನವಾದ ಹೆಂಗಸು ಬಕೆಟ್ ಎತ್ತಿ ಬಟ್ಟೆ ಹಿಂಡುತ್ತಾಳೆ, ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅನ್ನದೇ ಇದ್ದದ್ದು ಕೆಟ್ಟತನದಿಂದಲ್ಲ ಅಂತ ಗೊತ್ತು. ತೊಟ್ಟಿಲು ಕಾಣದಿದ್ದರೆ ನಮ್ಮ ಜನಕ್ಕೆ ಬಾಣಂತಿಯೂ ಕಾಣುವುದಿಲ್ಲ, ಅಷ್ಟೇ. ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು ರಿಟೈರ್ ಆದವಳು ನಾನು. ನಿನ್ನ ಸೋದರತ್ತೆ ಬೇರೆ. ಎರಡೂ ಸಲಿಗೆ ಸೇರಿಸಿ ನಾಲ್ಕು ಮಾತು ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದು.

ನಿಮ್ಮಕ್ಕನಿಗೆ ಗರ್ಭಕೋಶವೇ ಇರಲಿಲ್ಲ. ಭ್ರೂಣ ಅವಳದ್ದು, ನಿಮ್ಮ ಭಾವನದ್ದು. ನೀನು ಹೊತ್ತು ಹೆತ್ತುಕೊಟ್ಟೆ. ಡಾಕ್ಟರು, ವಕೀಲರು, ಮನೆಯವರು ಎಲ್ಲರೂ ಇದನ್ನು ನೂರು ಸಲ ಹೇಳಿದ್ದಾರೆ, ನಿನ್ನ ತಲೆಗೂ ಚೆನ್ನಾಗಿ ಹೋಗಿದೆ. ಆದರೆ ನಿನ್ನ ಮೈಗೆ ಇದನ್ನು ಯಾರೂ ಹೇಳಿಲ್ಲ. ಹೇಳಿದರೂ ಅದಕ್ಕೆ ಕಿವಿಯಿಲ್ಲ. ಹೆರಿಗೆಯಾಯಿತು ಎಂಬುದೊಂದೇ ಅದಕ್ಕೆ ಗೊತ್ತು. ಗರ್ಭಕೋಶ ಹಳೆಯ ಗಾತ್ರಕ್ಕೆ ಬರಲು ಆರು ವಾರ ತೆಗೆದುಕೊಳ್ಳುತ್ತದೆ. ರಕ್ತಸ್ರಾವ ಮೊದಲು ಕೆಂಪಗೆ, ಆಮೇಲೆ ಕಂದಾಗಿ, ಕೊನೆಗೆ ಬಿಳಿಚಿಕೊಂಡು ನಾಲ್ಕರಿಂದ ಆರು ವಾರ ಹೋಗುತ್ತದೆ. ಕಡಿಮೆಯಾಗಿದ್ದ ಸ್ರಾವ ಮತ್ತೆ ಕೆಂಪಗೆ ಜಾಸ್ತಿಯಾದರೆ ನೀನು ಹಿಂದಿನ ದಿನ ಅತಿಯಾಗಿ ದಣಿದಿದ್ದೀಯ ಎಂದು ಮೈ ದೂರು ಕೊಡುತ್ತಿದೆ ಅಂತ ತಿಳಿ. ನಿನ್ನೆಯ ಬಟ್ಟೆ ಬಕೆಟ್ಟಿಗೆ ಈ ಲೆಕ್ಕ ಹಾಕಿ ನೋಡಿಕೊ. ಮೊದಲ ಮೂರು ತಿಂಗಳು ಸೊಂಟಕ್ಕೆ ಚುಚ್ಚಿಸಿಕೊಂಡ ಪ್ರೊಜೆಸ್ಟರಾನ್ ಇಂಜೆಕ್ಷನ್ನಿನ ಗಂಟುಗಳು ಇನ್ನೂ ಕೈಗೆ ಸಿಗುತ್ತಿರಬಹುದು. ಅವು ತಾವಾಗಿಯೇ ಕರಗುತ್ತವೆ. ಕೆಂಪಗಾಗಿ ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ತೋರಿಸು.

ಹಾಲಿನ ವಿಷಯಕ್ಕೆ ಬರುತ್ತೇನೆ. ನೀನು ಫೋನಿನಲ್ಲಿ ಬಾಯಿಬಿಡದೆ ನುಂಗಿಕೊಂಡದ್ದು ಇದನ್ನೇ ಅಂತ ನನ್ನ ಅನುಮಾನ. ಮೂರನೇ ದಿನದ ಹೊತ್ತಿಗೆ ಎದೆ ಕಲ್ಲಾಗಿ, ರವಿಕೆ ಒದ್ದೆಯಾಗಿ, ಪಕ್ಕದ ಮನೆಯ ಮಗು ಅತ್ತರೂ ಹಾಲು ಜಿನುಗುವುದು ಸಹಜ. ನಿಮ್ಮಕ್ಕನಿಗೆ ಹಾಲು ಕೊಡುವುದೋ ಬಿಡುವುದೋ ಎಂದು ಆಸ್ಪತ್ರೆಯಲ್ಲೇ ತೀರ್ಮಾನವಾಗಬೇಕಿತ್ತು. ಆಗಲಿಲ್ಲ, ಯಾರೂ ಬಾಯಿ ಬಿಡಲಿಲ್ಲ. ಮೊದಲ ಎರಡು ದಿನದ ಗಿಣ್ಣುಹಾಲು ಹಿಂಡಿ ಕೊಟ್ಟೆ, ಆಮೇಲೆ ಅವರು ಬೆಂಗಳೂರಿಗೆ ಹೋದರು. ಈಗ ಒಂದು ದಾರಿ ಹಿಡಿ. ಕೊಡುವುದಾದರೆ ಪಂಪಿನಲ್ಲಿ ಹಿಂಡಿ ಕೊಡು, ಆದರೆ ಎಷ್ಟು ವಾರ ಎಂದು ಈಗಲೇ ಮಾತಾಡಿಕೊ. ಇಲ್ಲದಿದ್ದರೆ ಮೂರು ಗಂಟೆಗೊಮ್ಮೆ ಎದ್ದು ಹಿಂಡುವ ನಿದ್ದೆಗೇಡು ನಿನ್ನದಾಗುತ್ತದೆ, ಮಗುವಿನ ನಗು ಅಲ್ಲಿರುತ್ತದೆ. ಜಾಸ್ತಿ ಬಂದರೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ತಾಯಿ ಹಾಲಿನ ಬ್ಯಾಂಕ್ ಇದೆ, ಅಲ್ಲಿನ ಎಳೆಗೂಸುಗಳಿಗೆ ಆಗುತ್ತದೆ. ನಿಲ್ಲಿಸುವುದಾದರೆ ಹಿಂಡಿ ಹಿಂಡಿ ಖಾಲಿ ಮಾಡಬೇಡ. ಹಿಂಡಿದಷ್ಟೂ ಊರುತ್ತದೆ. ತೀರಾ ತಡೆಯಲಾರದಾಗ ಬಿಗಿ ಸಡಿಲವಾಗುವಷ್ಟು ಮಾತ್ರ ತೆಗೆ. ಮೈಗೆ ಸರಿಯಾಗಿ ಕೂರುವ ಬ್ರಾ ಹಾಕು, ಒದ್ದೆ ಬಟ್ಟೆ ಫ್ರಿಜ್‌ನಲ್ಲಿಟ್ಟು ತಣ್ಣಗೆ ಇಟ್ಟುಕೊ, ನೋವಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗು. ಹಾಲು ಬತ್ತಿಸಲು ಕ್ಯಾಬರ್‌ಗೊಲಿನ್ ಎಂಬ ಮಾತ್ರೆ ಇದೆ, ಹೆರಿಗೆಯಾದ ಮೊದಲ ದಿನವೇ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಿ.ಪಿ. ಏರಿದವರಿಗೆ ಅದು ಆಗುವುದಿಲ್ಲ. ನಿನಗೆ ಕೊನೆಯ ತಿಂಗಳು ಬಿ.ಪಿ. ಏರಿತ್ತಲ್ಲ, ಮೆಡಿಕಲ್ ಶಾಪಿನಲ್ಲಿ ನೀನೇ ಕೇಳಿ ತಗೊಳ್ಳಬೇಡ.

ನಗಬೇಡ, ಇನ್ನೊಂದು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಗು ಉಳಿಯದ ಒಬ್ಬ ಬಾಣಂತಿಗೆ ಅವಳ ಅತ್ತೆ ದುಂಡುಮಲ್ಲಿಗೆಯ ದಂಡೆ ತಂದು ಎದೆಗೆ ಸುತ್ತಿ, ಮೇಲೆ ಹಳೆಯ ಸೀರೆಯ ತುಂಡು ಕಟ್ಟುತ್ತಿದ್ದರು. ದಿನಾ ಹೂವು ಬದಲಾಯಿಸುತ್ತಿದ್ದರು. ವಾರ್ಡಿನ ಡೆಟಾಲ್ ವಾಸನೆಯ ನಡುವೆ ಆ ಮಂಚದ ಸುತ್ತ ಮಾತ್ರ ಮಲ್ಲಿಗೆ. ನಾವು ಓದಿದವರು ಮುಸಿಮುಸಿ ನಗುತ್ತಿದ್ದೆವು. 1988ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಆ ಕಾಲಕ್ಕೆ ಹಾಲು ನಿಲ್ಲಿಸಲು ಕೊಡುತ್ತಿದ್ದ ಬ್ರೊಮೊಕ್ರಿಪ್ಟಿನ್ ಮಾತ್ರೆಗೂ ಮಲ್ಲಿಗೆ ಹೂವಿಗೂ ಹೋಲಿಸಿ ನೋಡಿದರೆ, ಎದೆ ಬಿಗಿತ ಇಳಿಸುವುದರಲ್ಲಿ, ಹಾಲು ಕಡಿಮೆ ಮಾಡುವುದರಲ್ಲಿ ಹೂವು ಮಾತ್ರೆಗೆ ಸರಿಸಮವಾಗಿಯೇ ನಿಂತಿತ್ತು. ತುಮಕೂರಿನಲ್ಲಿ ಹೂವಿಗೇನು ಬರ. ಕಟ್ಟಿಕೊಂಡು ನೋಡು. ಮುಡಿಯುವಷ್ಟೇ ಸಲೀಸು, ಕೆಡುಕಂತೂ ಇಲ್ಲ. ಆದರೆ ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ಚಳಿಜ್ವರ ಬಂದರೆ ಹೂವು ಮಾತ್ರೆ ಎರಡನ್ನೂ ಬಿಟ್ಟು ಆಸ್ಪತ್ರೆಗೆ ಹೋಗು, ಕೀವು ಕಟ್ಟುವ ಮೊದಲು.

ಬಾಣಂತನದ ಊಟ, ನೀರು. ನಿಮ್ಮಮ್ಮನ ಕೈಯ ಬಾಣಂತಿ ಖಾರ ಇಡೀ ಬಂಧುಬಳಗದಲ್ಲಿ ಹೆಸರುವಾಸಿ. ಆದರೆ ಈಗ ಆಕೆ ಎಲ್ಲಿದ್ದಾಳೆ? ಮಗುವಿಗೆ ಎಣ್ಣೆನೀರು ಹಾಕಲು ಬೆಂಗಳೂರಿನಲ್ಲಿ. ಹೆರದ ಮಗಳ ಮನೆಯಲ್ಲಿ ಅಜ್ಜಿ, ಹೆತ್ತ ಮಗಳ ಮನೆಯಲ್ಲಿ ವಾಷಿಂಗ್ ಪೌಡರ್. ಇದು ನನಗೆ ಸರಿ ಬರಲಿಲ್ಲ. ನಿಮ್ಮಮ್ಮನಿಗೂ ಫೋನ್ ಮಾಡಿ ಹೇಳಿದ್ದೇನೆ. ಅವಳನ್ನೂ ಬೈಯುವ ಹಾಗಿಲ್ಲ. ಹನ್ನೊಂದು ವರ್ಷ ಮಕ್ಕಳಿಲ್ಲದೆ ಕೊರಗಿದ ದೊಡ್ಡ ಮಗಳ ಮನೆಯಲ್ಲಿ ಎಳೆಗೂಸು ಅತ್ತರೆ ಯಾವ ತಾಯಿ ತಡೆದುಕೊಂಡಾಳು. ಆದರೂ ಮಗುವಿಗೆ ನೀರು ಹಾಕಲು ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ತಿಳಿದ ಹೆಂಗಸರು ಸಿಗುತ್ತಾರೆ. ನಿನ್ನ ಬೆನ್ನಿಗೆ ಎಣ್ಣೆ ಉಜ್ಜಲು ತಾಯಿಯೇ ಬೇಕು. ನಲವತ್ತು ದಿನ ಆಕೆ ನಿನ್ನ ಹತ್ತಿರ ಇರಲಿ, ವಾರಕ್ಕೊಮ್ಮೆ ಮೊಮ್ಮಗುವನ್ನು ನೋಡಿ ಬರಲಿ. ನೀನಾಗಿ ಕೇಳಲು ಸಂಕೋಚವಾದರೆ ಬೇಡ, ನಾನೇ ಕೇಳಿಯಾಗಿದೆ.

ಊಟದಲ್ಲಿ ಹಾಲು ಬರಲೆಂದೇ ಕೊಡುವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ರಾಶಿ ನಿನಗೆ ಅಗತ್ಯವಿಲ್ಲ. ಉಳಿದದ್ದೆಲ್ಲ ಬೇಕು. ಅಂಟಿನುಂಡೆ, ತುಪ್ಪ ಹಾಕಿದ ಬಿಸಿ ಅನ್ನ, ಮೊಟ್ಟೆ, ಬೇಳೆ, ಸೊಪ್ಪು ಎಲ್ಲವೂ. ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಮಗು ಹೊರಗೆ ಬಂದ ಮೇಲೆ ಇನ್ಯಾಕೆ ಅಂತ ಡಬ್ಬಿ ಮೂಲೆಗಿಡಬೇಡ. ಹಳೆಯ ಬಾಣಂತನದಲ್ಲಿ ನೀರು ಕುಡಿಯಲು ಬಿಡುತ್ತಿರಲಿಲ್ಲ, ಅದು ತಪ್ಪು, ಬಾಯಾರಿದಷ್ಟೂ ಕುಡಿ. ಹೊಲಿಗೆಯ ಮೇಲೆ ಕುದಿಯುವ ನೀರು ಎರಚಿಸಿಕೊಳ್ಳಬೇಡ, ಎಣ್ಣೆಯನ್ನೂ ಅಲ್ಲಿಗೆ ಬಿಡಬೇಡ. ಬಾಗಿಲು ಮುಚ್ಚಿ ಕೆಂಡದ ಹೊಗೆ ಹಿಡಿಯುವುದು ಬೇಡವೇ ಬೇಡ. ಕೆಮ್ಮುವಾಗ, ಸೀನುವಾಗ ಹೊಟ್ಟೆಗೆ ದಿಂಬು ಒತ್ತಿಕೊ. ಕೆಮ್ಮಿದರೆ ಮೂತ್ರ ಹನಿಯುತ್ತಿದ್ದರೆ ನಾಚಿಕೆ ಬೇಡ, ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ದಿನಕ್ಕೆ ಮೂರು ಹೊತ್ತು ಹತ್ತತ್ತು ಸಲ ಬಿಗಿದು ಬಿಡು. ಮನೆಯೊಳಗೆ ಓಡಾಡು. ಹಾಸಿಗೆ ಹಿಡಿದು ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಸ್ವಲ್ಪ ಹೆದರಿಸುತ್ತೇನೆ, ಹೆದರಿಸಲೇಬೇಕು. ಬೇರೆಯವರ ಅಂಡಾಣುವಿನಿಂದಾದ ಗರ್ಭ ಹೊತ್ತವರಲ್ಲಿ ಬಿ.ಪಿ. ಏರುವುದು ಹೆಚ್ಚು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಂಟೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2024ರಲ್ಲಿ ಹೊರಬಂತು. ತಾಯಿಗೆ ತೀವ್ರ ತೊಂದರೆಯಾದದ್ದು ಸಹಜವಾಗಿ ಗರ್ಭ ಧರಿಸಿದವರಲ್ಲಿ ಶೇ. 2.3, ಐವಿಎಫ್ ಮಾಡಿಸಿಕೊಂಡವರಲ್ಲಿ ಶೇ. 4.3, ಬೇರೆಯವರಿಗಾಗಿ ಹೊತ್ತವರಲ್ಲಿ ಶೇ. 7.8. ಹೆರಿಗೆಯಾದ ಮೇಲೆ ಮೂರರಿಂದ ಆರನೇ ದಿನದೊಳಗೆ ಬಿ.ಪಿ. ತನ್ನ ತುದಿ ಮುಟ್ಟುತ್ತದೆ, ಆರು ವಾರದವರೆಗೂ ಅಪಾಯ ಪೂರ್ತಿ ಹೋಗಿರುವುದಿಲ್ಲ. ಮಾತ್ರೆಗೆ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ಬಲಗಡೆ ನೋವು, ಉಸಿರುಗಟ್ಟುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಒಂದು ಗಂಟೆಗೆ ಒಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಸ್ರಾವದಲ್ಲಿ ಕೆಟ್ಟ ವಾಸನೆ, 100.4 ಡಿಗ್ರಿ ದಾಟಿದ ಜ್ವರ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು "ನನಗೆ ಹೆರಿಗೆಯಾಗಿ ಇಷ್ಟು ದಿನ ಆಯಿತು" ಎಂಬುದು. ಕಂಕುಳಲ್ಲಿ ಮಗುವಿಲ್ಲದವಳನ್ನು ನೋಡಿ ಯಾವ ಡ್ಯೂಟಿ ಡಾಕ್ಟರಿಗೂ ಇದು ತಾನಾಗಿ ಹೊಳೆಯುವುದಿಲ್ಲ.

ಅದೇ ಕಾರಣಕ್ಕೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯೂ ಬಂದಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಎಂದು ಆರು ಸಲ ಮನೆಗೆ ಬರುವುದು ಅವರ ಕೆಲಸ. ಆದರೆ ಆ ಭೇಟಿಗಳನ್ನು ಹೆಣೆದಿರುವುದೇ ಎಳೆಗೂಸಿನ ಸುತ್ತ, ತೂಕ ನೋಡುವುದು, ಮೈ ಬಿಸಿ ನೋಡುವುದು, ಹೊಕ್ಕುಳು ನೋಡುವುದು ಹೀಗೆ. ಮಗು ಇರುವ ವಿಳಾಸ ಬೇರೆ, ನಿನ್ನ ವಿಳಾಸ ಬೇರೆ. ನೀನೇ ಫೋನ್ ಮಾಡಿ ಕರೆಸಿಕೊ, ಬಿ.ಪಿ. ನೋಡಿಸಿಕೊ.

ಇನ್ನೊಂದು ವಿಷಯವನ್ನು ಅತ್ತೆಯಾಗಿ ಹೇಳಲು ಸಂಕೋಚ, ಸಿಸ್ಟರ್ ಆಗಿ ಹೇಳಿಬಿಡುತ್ತೇನೆ. ಮಗುವಿಗೆ ಎದೆಹಾಲು ಕೊಡುವವರಿಗೆ ಮುಟ್ಟು ಬರುವುದು ತಡ. ಕೊಡದವರಿಗೆ ಹೆರಿಗೆಯಾದ ನಾಲ್ಕನೇ ವಾರದಷ್ಟು ಬೇಗ ಅಂಡಾಣು ಬಿಡುಗಡೆಯಾಗಬಹುದು. ಮುಟ್ಟು ಬಂದಿಲ್ಲವಲ್ಲ ಎಂಬ ಧೈರ್ಯ ಕೆಲಸಕ್ಕೆ ಬಾರದು. ಕೊಯ್ದ ಗರ್ಭಕೋಶಕ್ಕೆ ಮುಂದಿನ ಬಸಿರಿಗೆ ಮೊದಲು ಎರಡು ವರ್ಷವಾದರೂ ಬಿಡುವು ಬೇಕು. ನಿನಗೆ ಎರಡನೆಯದು ಬೇಕು ಎಂಬ ಆಸೆಯಿದ್ದರೆ ಇನ್ನೂ ಎಚ್ಚರ. ನಿನ್ನ ಗಂಡನಿಗೆ ಈ ಸಾಲುಗಳನ್ನು ತೋರಿಸು, ಆತ ತಿಳಿದವನು.

ಈಗ ಮನಸ್ಸಿನ ಮಾತು. ಆಸ್ಪತ್ರೆಯಲ್ಲಿ ನರ್ಸ್ "ಪಾಪು ಅಮ್ಮ ಯಾರು, ಬನ್ನಿ" ಎಂದು ಕೂಗಿದಾಗ ನೀನು ದಿಂಬಿನಿಂದ ತಲೆ ಎತ್ತಿದೆ, ನಿಮ್ಮಕ್ಕ ಎದ್ದು ಹೋದಳು. ನೀನು ಮತ್ತೆ ತಲೆ ಇಟ್ಟು ಗೋಡೆ ಕಡೆ ತಿರುಗಿದೆ. ನಾನು ಅಲ್ಲೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ, ನೋಡಿದೆ. ನಿನಗೆ ಆ ಮಗು ಬೇಕಾಗಿತ್ತು ಅಂತ ಅದರ ಅರ್ಥವಲ್ಲ. ಹಾಗೆಂದುಕೊಂಡು ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದರೆ ಬಿಡು. ಬಿಟ್ಟುಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲದೆಯೂ ಅಳು ಬರುತ್ತದೆ. "ನಿನ್ನದಲ್ಲವಲ್ಲ, ಯಾಕೆ ಅಳ್ತೀಯ" ಎಂದು ಯಾರಾದರೂ ಕೇಳಿದರೆ ಉತ್ತರ ಹುಡುಕುತ್ತಾ ಕೂರಬೇಡ. ಹೆರಿಗೆಯಾದ ಮೂರು ನಾಲ್ಕು ದಿನದಲ್ಲಿ ಹಾರ್ಮೋನುಗಳು ಒಮ್ಮೆಲೇ ಕುಸಿಯುತ್ತವೆ, ತನ್ನದೇ ಮಗುವನ್ನು ಮಡಿಲಲ್ಲಿಟ್ಟುಕೊಂಡವಳೂ ಕಾರಣವಿಲ್ಲದೆ ಅಳುತ್ತಾಳೆ. ಎರಡು ವಾರದಲ್ಲಿ ಅದು ಇಳಿಯಬೇಕು.

ಇನ್ನೊಂದು ದುಃಖವಿದೆ, ಅದು ಬಾಯಿಗೆ ಬರುವುದಿಲ್ಲ. ಒಂಬತ್ತು ತಿಂಗಳು ನಿಮ್ಮಕ್ಕ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಮಾತ್ರೆ ನುಂಗಿದೆಯಾ, ಒದೆಯಿತಾ. ಭಾವ ಹಣ್ಣಿನ ಬುಟ್ಟಿ ಹೊತ್ತು ತರುತ್ತಿದ್ದರು. ನಿನ್ನ ಮದುವೆಯಲ್ಲೂ ನಿನಗೆ ಇಷ್ಟು ಉಪಚಾರ ನಡೆದಿರಲಿಲ್ಲ. ಈಗ ಫೋನು ಸುಮ್ಮನಿದೆ. ಅವರು ರಾತ್ರಿ ಹಗಲು ಮಗುವಿನ ಹಿಂದೆ ಬಿದ್ದಿದ್ದಾರೆ. ನಿನಗೆ ಮಗುವಿಗಿಂತ ಹೆಚ್ಚಾಗಿ ಆ ಫೋನೇ ನೆನಪಾಗುತ್ತಿದ್ದರೆ ಆಶ್ಚರ್ಯವಿಲ್ಲ. ಇದನ್ನು ಅಕ್ಕನಿಗೆ ನೇರವಾಗಿ ಹೇಳು: "ದಿನಕ್ಕೊಂದು ಸಲ ನನ್ನನ್ನು ಕೇಳು, ಮಗು ವಿಷಯ ಆಮೇಲೆ." ಫೋಟೊ ಎಷ್ಟು ದಿನಕ್ಕೊಂದು ಬೇಕು ಎಂದೂ ಹೇಳು. ಫ್ಯಾಮಿಲಿ ಗ್ರೂಪಿನಲ್ಲಿ ಗಂಟೆಗೊಂದು ಬಂದು ನಿನ್ನ ಎದೆ ಹಿಂಡುತ್ತಿದ್ದರೆ ಆ ಗ್ರೂಪನ್ನು ಮ್ಯೂಟ್ ಮಾಡು, ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೆ ತಿಳಿಯಲಿ.

ಅಕ್ಕನ ಕಡೆಯಿಂದಲೂ ಒಂದು ಮಾತು. ಮೊನ್ನೆ ನೀನು ಮಗುವನ್ನು ಎತ್ತಿಕೊಂಡಾಗ ಆಕೆ ಪಕ್ಕದಲ್ಲೇ ನಿಂತು ಕೈ ಚಾಚಿಕೊಂಡೇ ಇದ್ದಳು, ನೀನು ಗಮನಿಸಿದ್ದೀಯ. ಮಗು ನಿನ್ನ ದನಿಗೆ ಸುಮ್ಮನಾಯಿತು. ಹುಟ್ಟಿದ ಕೂಸಿಗೆ ಹೊಟ್ಟೆಯಲ್ಲಿದ್ದಾಗ ಕೇಳಿದ ದನಿ ಗೊತ್ತಿರುತ್ತದೆ. ಅದು ಅಕ್ಕನಿಗೆ ಚುಚ್ಚಿರುತ್ತದೆ. ಕಾನೂನಿನಲ್ಲಿ ಮಗು ಹುಟ್ಟಿದಾಗಿನಿಂದ ಅವಳದ್ದೇ, ಮ್ಯಾಜಿಸ್ಟ್ರೇಟರ ಆದೇಶವೂ ಇದೆ, ಆದರೆ ಅವಳ ಒಳಗಿನ ಅಳುಕಿಗೆ ಯಾವ ಕೋರ್ಟೂ ಆದೇಶ ಕೊಟ್ಟಿಲ್ಲ. ಅವಳು ನಿನ್ನನ್ನು ದೂರ ಇಡುತ್ತಿದ್ದಾಳೆ ಅನ್ನಿಸಿದರೆ ಒಂದೆರಡು ತಿಂಗಳು ಬಿಡು, ತಾಯಿಯಾಗಿ ಅವಳ ಕೈ ಕೂರಲಿ. ಹಾಗಂತ ನೀನು ಮಗುವನ್ನು ನೋಡುವುದೇ ಪಾಪ ಎಂಬಂತೆ ತಪ್ಪಿಸಿಕೊಳ್ಳಲೂ ಬೇಡ. ಹೊರಗಿನವರಿಗೆ ಹೆತ್ತುಕೊಟ್ಟವರು ಒಮ್ಮೆ ಕೈ ಮುಗಿದು ಬರಬಹುದು. ನೀನು ಈ ಮಗುವನ್ನು ಪ್ರತಿ ಯುಗಾದಿಗೂ ನೋಡಬೇಕು, ಅದರ ಸ್ಕೂಲ್ ಡೇಗೆ ಚಪ್ಪಾಳೆ ಹೊಡೆಯಬೇಕು, ಚಿಕ್ಕಮ್ಮನಾಗಿ. ಆ ಚಿಕ್ಕಮ್ಮನ ಪಾತ್ರ ಇವತ್ತೇ ಪೂರ್ತಿ ಬರಬೇಕು ಎಂದೇನಿಲ್ಲ.

ನಾಮಕರಣಕ್ಕೆ ಹೋಗುವುದೋ ಬೇಡವೋ ನಿನಗೆ ಬಿಟ್ಟದ್ದು. ಹೋದರೆ ಕುರ್ಚಿಯಲ್ಲಿ ಕೂತುಕೊ. ಹೆಂಗಸರು "ಬಾರೇ, ಉಂಡೆ ಕಟ್ಟು" ಎಂದು ಅಡುಗೆಮನೆಗೆ ಎಳೆದರೆ ಏಳಬೇಡ. ಯಾರಾದರೂ ದೇವಕಿ ಯಶೋದೆ ಎಂದು ಪುರಾಣ ಶುರು ಮಾಡಿದರೆ ನಕ್ಕು ಸುಮ್ಮನಿರು. ದೇವಕಿಯ ಬಸಿರನ್ನು ತನ್ನ ಹೊಟ್ಟೆಯಲ್ಲಿ ಹೊತ್ತು ಬಲರಾಮನನ್ನು ಹೆತ್ತವಳು ರೋಹಿಣಿ, ಗೋಕುಲದಲ್ಲಿ ಅವಳ ಬಾಣಂತನ ಯಾರು ಮಾಡಿದರೋ, ಹರಿಕಥೆ ದಾಸರು ಯಾರೂ ಅದನ್ನು ಹೇಳಿದ್ದು ನಾನು ಕೇಳಿಲ್ಲ.

ನಿನ್ನ ಮಗನ ಮಾತು ಬಿಟ್ಟೇ ಹೋಗುತ್ತಿತ್ತು. ಐದು ವರ್ಷದ ಹುಡುಗ, ಅಮ್ಮನ ಹೊಟ್ಟೆ ದಪ್ಪವಾದದ್ದು ನೋಡಿದ್ದಾನೆ, ಆಸ್ಪತ್ರೆಗೆ ಹೋದದ್ದು ನೋಡಿದ್ದಾನೆ, ಬರಿಗೈಲಿ ಬಂದದ್ದೂ ನೋಡಿದ್ದಾನೆ. ಅವನಿಗೆ "ದೊಡ್ಡಮ್ಮನ ಪಾಪು" ಎಂದು ಮೊದಲೇ ಹೇಳಿದ್ದೀರಿ, ಒಳ್ಳೆಯದೇ ಆಯಿತು. ಆದರೂ ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿರುತ್ತದೆ: ಹಠ ಮಾಡಿದರೆ ನನ್ನನ್ನೂ ದೊಡ್ಡಮ್ಮನಿಗೆ ಕೊಟ್ಟುಬಿಡುತ್ತಾರಾ? ಕೇಳದಿದ್ದರೂ ನೀನೇ ಹೇಳು. "ನೀನು ನನ್ನ ಮಗ, ನಿನ್ನನ್ನು ಯಾರಿಗೂ ಕೊಡಲ್ಲ. ಆ ಪಾಪು ಮೊದಲಿನಿಂದಲೂ ದೊಡ್ಡಮ್ಮನದೇ, ಅವಳ ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ನಾನು ಇಟ್ಟುಕೊಂಡಿದ್ದೆ." ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹತ್ತು ಸಲ ಹೇಳಬೇಕು. ಅವನನ್ನು ಎತ್ತಿಕೊಳ್ಳಬೇಡ, ಹೊಲಿಗೆ ತಡೆಯುವುದಿಲ್ಲ. ನೀನು ಕೂತುಕೊ, ಅವನೇ ಹತ್ತಿ ತೊಡೆಯ ಮೇಲೆ ಬರಲಿ.

ಬೀದಿಯವರಿಗೆ ಏನು ಹೇಳುವುದು? ನಿಮ್ಮತ್ತೆ "ಮಗು ಉಳಿಯಲಿಲ್ಲ ಅಂದುಬಿಡೋಣ" ಎಂದರಂತೆ. ಒಪ್ಪಬೇಡ. ಬದುಕಿರುವ ಕೂಸಿಗೆ ಸಾವಿನ ಮಾತು ಆಡುವುದು ಒಂದು ಕಡೆ, ಜನ ಬಂದು ನಿನ್ನ ಮುಂದೆ ಲೊಚಗುಟ್ಟುತ್ತಾ ಕೂತರೆ ನೀನು ಇಲ್ಲದ ಸೂತಕಕ್ಕೆ ಮುಖ ಸಪ್ಪಗೆ ಮಾಡಬೇಕು. "ಅಕ್ಕನ ಮಗು, ಅಕ್ಕನ ಮನೆಯಲ್ಲಿದೆ" ಇಷ್ಟೇ ಸಾಕು, ವಿವರ ಯಾರಿಗೂ ಬೇಕಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಮುಂಬೈಯಲ್ಲಿ ಹೀಗೆ ಬೇರೆಯವರಿಗಾಗಿ ಹೊತ್ತ 50 ಹೆಂಗಸರನ್ನು ಮಾತಾಡಿಸಿ 2018ರಲ್ಲಿ ಬರೆದಿದ್ದಾರೆ. ಅವರ ಖಿನ್ನತೆ ಮಗುವನ್ನು ಒಪ್ಪಿಸಿದ್ದರಿಂದ ಹೆಚ್ಚಾಗಲಿಲ್ಲ. ಬಸಿರಿನಲ್ಲಿ ಆಸರೆ ಸಿಗದವರು, ವಿಷಯ ಮುಚ್ಚಿಟ್ಟವರು, ಚುಚ್ಚುಮಾತು ಕೇಳಿಸಿಕೊಂಡವರು ಹೆರಿಗೆಯ ಮೇಲೆ ಹೆಚ್ಚು ಕುಗ್ಗಿದರು. ವಾರ್ಡಿನಲ್ಲಿ ನಾನು ಕಂಡದ್ದೂ ಬೇರೆಯಲ್ಲ, ಮುಚ್ಚಿಟ್ಟ ಮನೆಗಳಲ್ಲೇ ಬಾಣಂತಿಯರು ಸೊರಗಿದ್ದು. ಇಂಗ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಾತಾಡಿಸಿದ 34 ಹೆಂಗಸರಲ್ಲಿ ಕೆಲವರಿಗೆ ಮೊದಲ ವಾರಗಳು ಕಷ್ಟವಾಗಿದ್ದವು, ವರ್ಷ ಕಳೆಯುವಷ್ಟರಲ್ಲಿ ಆ ಕಷ್ಟ ಉಳಿದದ್ದು ಬೆರಳೆಣಿಕೆಯವರಿಗೆ ಮಾತ್ರ.

ಆದರೆ ಎರಡು ವಾರ ದಾಟಿದ ಮೇಲೂ ಅಳು ನಿಲ್ಲದಿದ್ದರೆ, ಅಥವಾ ಅಳುವೂ ಬರದೆ ಎಲ್ಲ ಸಪ್ಪೆಯಾಗಿದ್ದರೆ, ರಾತ್ರಿ ಎಬ್ಬಿಸಲು ಮಗುವಿಲ್ಲದಿದ್ದರೂ ನಿದ್ದೆ ಹತ್ತದಿದ್ದರೆ, ಇರುವುದೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ, ಅದು ನಿನ್ನ ಮನಸ್ಸಿನ ಬಲಹೀನತೆ ಅಲ್ಲ, ಕಾಯಿಲೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸು ನೋಡುವ ಡಾಕ್ಟರುಗಳೇ ಇದ್ದಾರೆ. ಅಲ್ಲಿ ಹತ್ತು ಪ್ರಶ್ನೆಗಳ ಒಂದು ಕಾಗದ ಕೊಡುತ್ತಾರೆ, ಉತ್ತರಕ್ಕೆ ತಕ್ಕಂತೆ ಮುಂದಿನ ದಾರಿ. ಇಲ್ಲದ ದನಿ ಕೇಳಿಸಿದರೆ, ಮಾತು ದಿಕ್ಕೆಟ್ಟರೆ ಅದೇ ದಿನ ಕರೆದುಕೊಂಡು ಹೋಗಬೇಕು ಎಂದು ನಿನ್ನ ಗಂಡನಿಗೆ ಹೇಳಿದ್ದೇನೆ. ಈ ಕೆಲಸಕ್ಕೆ ಇಳಿಯುವ ಮೊದಲು ಕಾನೂನು ನಿನ್ನಿಂದ ಮಾನಸಿಕವಾಗಿ ಸಮರ್ಥಳು ಎಂಬ ಸರ್ಟಿಫಿಕೇಟ್ ಕೇಳಿತು. ಮಗು ಒಪ್ಪಿಸಿದ ಮೇಲೆ ಅಂಥ ಕಾಗದ ಯಾರೂ ಕೇಳುತ್ತಿಲ್ಲ. ಕೇಳಬೇಕಾದದ್ದು ಈಗ ಎಂಬುದು ನನ್ನ ಅಭಿಪ್ರಾಯ.

ಕಾಗದದ ಮಾತು ಬಂತು. 2021ರ ಬಾಡಿಗೆ ತಾಯ್ತನ ಕಾನೂನಿನಲ್ಲಿ ನಿನಗೆ ಸಂಭಾವನೆ ಕೊಡುವಂತಿಲ್ಲ, ಆಸ್ಪತ್ರೆ ಖರ್ಚು ಮತ್ತು ವಿಮೆ ಕೊಡಲೇಬೇಕು. ಆ ವಿಮೆ 36 ತಿಂಗಳದ್ದು, ಹೆರಿಗೆಯ ನಂತರದ ತೊಂದರೆಗಳಿಗೆಂದೇ ಇರುವುದು. ಪಾಲಿಸಿ ಈಗ ಭಾವನ ಬೀರುವಿನಲ್ಲಿದೆ. ಅದರ ಒಂದು ಪ್ರತಿ ನಿನ್ನ ಕೈಯಲ್ಲಿರಲಿ. ಒಡಹುಟ್ಟಿದವಳ ಹತ್ತಿರ ಲೆಕ್ಕ ಕೇಳುವುದು ಹೇಗೆ ಎಂದು ಹಿಂಜರಿಯುತ್ತೀಯ, ಗೊತ್ತು. ರೇಷ್ಮೆ ಸೀರೆ, ಬಳೆ ಕೊಟ್ಟು ಮಡಿಲು ತುಂಬಿದರೆ ಕಣ್ಣಿಗೊತ್ತಿ ತಗೊ, ಆದರೆ ಆರು ತಿಂಗಳ ನಂತರ ಹೊಲಿಗೆಯ ಹತ್ತಿರ ಹರ್ನಿಯಾ ಬಂದರೆ ಸೀರೆ ತೋರಿಸಿದರೆ ಆಪರೇಷನ್ ಮಾಡುವುದಿಲ್ಲ. ಹಿಂದೆ ದುಡ್ಡಿಗೆ ಹೆತ್ತುಕೊಡುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಈ ಕೆಲಸಕ್ಕೆ ಹೋದದ್ದನ್ನು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ 2015ರ ಪುಸ್ತಕದಲ್ಲಿ ಬರೆದಿದ್ದಾರೆ. ದುಡ್ಡಿನ ವ್ಯವಹಾರ ನಿಂತದ್ದು ಸರಿಯೋ ತಪ್ಪೋ ಎಂದು ವಾದಿಸುವವರು ವಾದಿಸಲಿ. ಪ್ರೀತಿಗೆ ಮಾಡಿದ ಹೆರಿಗೆಯಲ್ಲಿ ಬಾಯಿ ಬಿಟ್ಟು ಕೇಳುವುದು ಇನ್ನೂ ಕಷ್ಟ, ಅಷ್ಟು ಮಾತ್ರ ನಾನು ಬಲ್ಲೆ. ಕಾನೂನಿನಂತೆ ಜೀವನದಲ್ಲಿ ಒಂದೇ ಸಲ ಹೀಗೆ ಹೊರಬಹುದು. ನಿಮ್ಮ ಕಡೆ ಇನ್ಯಾರೋ ಈಗಲೇ "ನಮ್ಮ ಮಗಳಿಗೂ" ಎಂದು ಸುಳಿದಾಡುತ್ತಿದ್ದಾರಂತೆ. ಕಾನೂನಿನ ಹೆಸರು ಹೇಳಿ ಕಳಿಸು, ನಿಷ್ಠುರವೂ ಆಗುವುದಿಲ್ಲ.

ಶಾಲೆಗೆ ಬೇಗ ಹೋಗಿಬಿಡುತ್ತೇನೆ, ಮಗು ಇಲ್ಲವಲ್ಲ ಎಂದು ಹೆಡ್‌ಮಿಸ್ಸಿಗೆ ಹೇಳಿದ್ದೀಯಂತೆ. ವಾಪಸ್ ತಗೊ ಆ ಮಾತು. ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ತನ್ನ ನೌಕರರ ರಜೆ ನಿಯಮ ತಿದ್ದಿ, ಎರಡಕ್ಕಿಂತ ಕಡಿಮೆ ಮಕ್ಕಳಿರುವವರಲ್ಲಿ ಮಗು ಪಡೆದವಳಿಗೂ ಹೊತ್ತವಳಿಗೂ, ಇಬ್ಬರಿಗೂ 180 ದಿನ ರಜೆ ಎಂದು ಬರೆದಿದೆ. ನಿನ್ನದು ಖಾಸಗಿ ಶಾಲೆ, ಆ ನಿಯಮ ನಿನಗೆ ನೇರ ತಾಕದು. ಆದರೆ ಹೆತ್ತ ಮೈಗೆ ರಜೆ ಬೇಕು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ ಎಂದು ಮ್ಯಾನೇಜ್‌ಮೆಂಟಿಗೆ ತೋರಿಸಲು ಅದು ಸಾಕು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಡು.

ಆರನೇ ವಾರದ ತಪಾಸಣೆಗೆ ಜೊತೆಗೆ ನಾನು ಬರುತ್ತೇನೆ. ಒಂದು ಫೈಲಿನಲ್ಲಿ ಡಿಸ್ಚಾರ್ಜ್ ಸಮ್ಮರಿ, ಬಿ.ಪಿ. ಬರೆದಿಟ್ಟ ಚೀಟಿ, ಪಾಲಿಸಿಯ ಪ್ರತಿ ಇಟ್ಟಿರು. ನಿಮ್ಮಕ್ಕನಿಗೂ ತಾರೀಖು ತಿಳಿಸಿದ್ದೇನೆ, ಅವಳು ಬರುವುದಾದರೆ ಅವತ್ತು ಮಗುವನ್ನು ನೋಡಲು ಅಲ್ಲ, ನಿನ್ನನ್ನು ನೋಡಲು ಬರಲಿ ಎಂದೂ ಹೇಳಿದ್ದೇನೆ. ಅಲ್ಲಿಯವರೆಗೆ ಬಟ್ಟೆ ಒಗೆಯಬೇಡ.